ಪಂಚಮಿ ಮುಗಿಸಿ ತಿರುಗಿ ಬಾ, ತಮ್ಮಾ

ಜೂನ್ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಬಸ್ ನಿಲ್ದಾಣಗಳಲ್ಲಿ ಒಂದು ನೋಟ ತಪ್ಪದೆ ಕಾಣುತ್ತದೆ. ಅಪ್ಪನ ಹೆಗಲ ಮೇಲೆ ಹೊಸ ಟ್ರಂಕು, ಅವ್ವನ ಕಂಕುಳಲ್ಲಿ ಕೌದಿಯ ಗಂಟು, ಇಬ್ಬರ ನಡುವೆ ಪ್ಲಾಸ್ಟಿಕ್ ಬಕೆಟ್ ಹಿಡಿದ ಹತ್ತು-ಹನ್ನೊಂದು ವರ್ಷದ ಹುಡುಗನೋ ಹುಡುಗಿಯೋ ಇರುತ್ತಾರೆ. ಪ್ರವೇಶ ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರು ಬಂದು, ಆರನೇ ತರಗತಿಗೆ ವಸತಿ ಶಾಲೆ ಸೇರಲು ಹೊರಟವರು ಇವರು. ಮನೆಮಂದಿಗೆಲ್ಲ ಖುಷಿ. ಮಗುವಿಗೆ ಮಾತ್ರ ಏನಾಗುತ್ತಿದೆ ಎಂಬುದು ಪೂರ್ತಿ ಗೊತ್ತಿರುವುದಿಲ್ಲ.

ನಾನು ಮಸ್ಕಿ ಹತ್ತಿರದ ಹಳ್ಳಿಯವನು. ಆರರಿಂದ ಹತ್ತನೇ ತರಗತಿವರೆಗೆ ವಸತಿ ಶಾಲೆಯಲ್ಲಿದ್ದೆ. ಪಿಯುಸಿ ಮತ್ತು ಡಿಗ್ರಿಯ ಐದು ವರ್ಷ ಸಿಂಧನೂರಿನ ಹಾಸ್ಟೆಲ್‌ನಲ್ಲಿ ಕಳೆದೆ. ಈಗ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಈ ಹತ್ತು ವರ್ಷಗಳಲ್ಲಿ ಕಂಡ ಒಂದು ವಿಷಯವನ್ನು ಹೇಳಬೇಕೆನಿಸಿದೆ. ನಮ್ಮ ಕಡೆ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಊರೂರಿಗೆ ಕೋಚಿಂಗ್ ಇದೆ. ಸೇರಿದ ಮೇಲೆ ಅಲ್ಲಿ ನಿಲ್ಲುವುದಕ್ಕೆ ಮಾತ್ರ ಯಾರೂ ತಯಾರಿ ಮಾಡಿಸುವುದಿಲ್ಲ. ನಿಜವಾದ ಪರೀಕ್ಷೆ ಶುರುವಾಗುವುದು ಸೇರಿದ ಮೇಲೆ. ಅದರಲ್ಲೂ ಮೊದಲ ಹಬ್ಬಕ್ಕೆ ಮನೆಗೆ ಹೋಗಿ ತಿರುಗಿ ಬರುವಾಗ.

ಈ ಪುಟ ಓದುವವರು ಹೆಚ್ಚಾಗಿ ಕಾಲೇಜಿನವರು, ಕೆಲಸ ಹುಡುಕುತ್ತಿರುವವರು. ಆರನೇ ತರಗತಿಯ ಮಾತು ನಮಗೇಕೆ ಎನ್ನಬೇಡಿ. ಆ ಮಗುವಿನ ಅಣ್ಣ, ಅಕ್ಕ, ಮಾವ, ಚಿಕ್ಕಪ್ಪ ನೀವೇ. ಅರ್ಜಿ ತುಂಬಿದವರೂ ನೀವೇ. ಎಷ್ಟೋ ಮನೆಗಳಲ್ಲಿ ಶಾಲೆಯಿಂದ ಬರುವ ಫೋನ್ ಎತ್ತುವವರೂ ನೀವೇ.

ಸೀಟಿನ ಬೆಲೆ

ಮೊದಲು ಒಂದಷ್ಟು ಮಾಹಿತಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಡಾ. ಬಿ.ಆರ್. ಅಂಬೇಡ್ಕರ್ ಮುಂತಾದ ಹೆಸರಿನ ವಸತಿ ಶಾಲೆಗಳನ್ನು ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ ನಡೆಸುತ್ತದೆ. ಇವು ಆರರಿಂದ ಹತ್ತನೇ ತರಗತಿಯವು. ಸಾಮಾನ್ಯವಾಗಿ ಒಂದು ತರಗತಿಗೆ 50 ಮಕ್ಕಳು. ಕೇಂದ್ರ ಸರ್ಕಾರದ ಜವಾಹರ ನವೋದಯ ವಿದ್ಯಾಲಯ ನಮ್ಮ ಲಿಂಗಸುಗೂರು ತಾಲ್ಲೂಕಿನ ಮುದಗಲ್‌ನಲ್ಲಿದೆ. ನವೋದಯಗಳಲ್ಲಿ ಆರನೇ ತರಗತಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ 75ರಷ್ಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಎರಡೂ ಕಡೆ ಊಟ, ವಸತಿ, ಪುಸ್ತಕ, ಸಮವಸ್ತ್ರ ಉಚಿತ. ನವೋದಯದ ಆರನೇ ತರಗತಿಯ ಪರೀಕ್ಷೆಯನ್ನು ಒಂದು ಮಗು ಜೀವನದಲ್ಲಿ ಒಂದೇ ಸಲ ಬರೆಯಬಹುದು.

ಅಂದರೆ ಈ ಸೀಟು ಬಿಟ್ಟರೆ ಅದೇ ದಾರಿಯಲ್ಲಿ ಮತ್ತೆ ಒಳಗೆ ಬರುವುದು ಕಷ್ಟ. ಮುಂದಿನ ತರಗತಿಗಳಲ್ಲಿ ಜಾಗ ಖಾಲಿ ಇದ್ದರೆ ಮಾತ್ರ ಅವಕಾಶ. ಹನ್ನೊಂದು ವರ್ಷದ ಮಗು ಅಳುತ್ತಾ "ಯಪ್ಪಾ, ನಾ ಇಲ್ಲಿ ಇರಾಂಗಿಲ್ಲ, ಕರ್ಕಂಡು ಹೋಗು" ಅಂದಾಗ ಈ ಲೆಕ್ಕ ಯಾರ ತಲೆಗೂ ಬರುವುದಿಲ್ಲ.

ಪಂಚಮಿಯೇ ಯಾಕೆ?

ಜೂನ್‌ನಲ್ಲಿ ಸೇರಿದ ಮಕ್ಕಳು ಶ್ರಾವಣದವರೆಗೆ ಹೇಗೋ ದಿನ ದೂಡುತ್ತಾರೆ. ಅಷ್ಟರಲ್ಲಿ ನಾಗರ ಪಂಚಮಿ ಬರುತ್ತದೆ. ನಮ್ಮ ಕಡೆ ಪಂಚಮಿ ಅಂದರೆ ಗೊತ್ತಲ್ಲ, ಉಂಡಿ, ಅಳ್ಳು, ಜೋಕಾಲಿ. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಪಾಲಕರು ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ನವೋದಯದಲ್ಲಾದರೆ ಮೊದಲ ದೊಡ್ಡ ರಜೆ ದಸರೆಗೋ ದೀಪಾವಳಿಗೋ ಬರಬಹುದು. ಮಾತು ಒಂದೇ.

ಹಬ್ಬಕ್ಕೆ ಹೋದ ಮಗು ನಾಲ್ಕು ದಿನ ಅವ್ವನ ಮಗ್ಗುಲಲ್ಲಿ ಮಲಗುತ್ತದೆ. ಬಿಸಿ ರೊಟ್ಟಿ, ಪುಂಡಿಪಲ್ಯೆ ಉಣ್ಣುತ್ತದೆ. ಐದನೇ ದಿನ ಬೆಳಿಗ್ಗೆ ಹೊಟ್ಟೆನೋವು ಶುರುವಾಗುತ್ತದೆ. ಆ ನೋವು ಸುಳ್ಳೂ ಅಲ್ಲ. ಹೆದರಿದ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. "ನಾಳೆ ಹೋದ್ರಾತು ಬಿಡು" ಅನ್ನುತ್ತಾರೆ ಮನೆಯಲ್ಲಿ. ನಾಳೆ ಅನ್ನುವುದು ವಾರವಾಗುತ್ತದೆ.

ಅದೇ ಹೊತ್ತಿಗೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ಸಿಂಧನೂರು ಭಾಗದಲ್ಲಿ ಭತ್ತದ ನಾಟಿ ನಡೆದಿರುತ್ತದೆ. ಕೈಗೆ ಕೆಲಸವಿರುತ್ತದೆ, ಕೂಲಿ ಇರುತ್ತದೆ. ಮನೆಯಲ್ಲಿ ಸಣ್ಣ ಕೂಸಿದ್ದರೆ ನೋಡಿಕೊಳ್ಳಲು ಒಬ್ಬರು ಬೇಕು. ಕಾಲುವೆ ನೀರು ಕಾಣದ ಮಸ್ಕಿ, ಲಿಂಗಸುಗೂರಿನ ಒಣಭೂಮಿಯ ಹಳ್ಳಿಗಳಲ್ಲಿ ಮುಂದೆ ಹತ್ತಿ ಬಿಡಿಸುವ ಕಾಲ, ಆಮೇಲೆ ಬೆಂಗಳೂರಿಗೆ ಗುಳೆ ಹೋಗುವ ಕಾಲ. ಮನೆಯಲ್ಲಿ ಉಳಿದ ಮಗುವನ್ನು ಕೆಲಸ ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ಹೆಣ್ಣುಮಗುವಾದರೆ ನಾಲ್ಕೈದು ವರ್ಷದಲ್ಲಿ ಮದುವೆ ಮಾತು.

ನನ್ನ ಪಕ್ಕದ ಹಾಸಿಗೆಯ ಹುಡುಗ ಹಾಗೆಯೇ ಉಳಿದುಬಿಟ್ಟ. ನಾವೆಲ್ಲ ಪೆನ್ನು ಹಿಡಿದು ಒದ್ದಾಡುವ ಲೆಕ್ಕವನ್ನು ಅವನು ಬಾಯಲ್ಲೇ ಮಾಡುತ್ತಿದ್ದ. ಶಾಲೆಯಿಂದ ಅವರ ಅಪ್ಪನಿಗೆ ಫೋನ್ ಹೋಯಿತು. "ನಾಟಿ ಮುಗಿಲ್ರಿ ಸರ್, ಕಳಸ್ತೀನಿ" ಅಂದರಂತೆ. ನಾಟಿ ಮುಗಿಯಿತು, ಹತ್ತಿ ಬಂತು. ಅವನ ಹಾಸಿಗೆಗೆ ಬೇರೆಯವರು ಬಂದರು.

ಎರಡು ವರ್ಷದ ಹಿಂದೆ ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋದಾಗ ಅವನ ಶೆಡ್‌ನಲ್ಲೇ ಎರಡು ರಾತ್ರಿ ಉಳಿದುಕೊಂಡೆ. ಕಟ್ಟಡದ ಕೆಲಸದಲ್ಲಿ ಕಬ್ಬಿಣ ಕಟ್ಟುತ್ತಾನೆ. ಚೆನ್ನಾಗಿ ದುಡಿಯುತ್ತಾನೆ, ತಂಗಿಯನ್ನು ಓದಿಸುತ್ತಿದ್ದಾನೆ. ಅವನ ಬದುಕಿನ ಬಗ್ಗೆ ಅಯ್ಯೋ ಎನ್ನುವ ಹಕ್ಕು ನನಗಿಲ್ಲ. ಆದರೆ ರಾತ್ರಿ ಊಟ ಮಾಡುವಾಗ ಅವನೇ ಒಂದು ಮಾತು ಹೇಳಿದ: "ಆ ವರ್ಷ ಯಾರರ ಮನಿತನ ಬಂದು ಒಂದ್ ಸಲ ಕರ್ದಿದ್ರ ಬರ್ತಿದ್ನಿ ನೋಡು." ಈ ಲೇಖನ ಬರೆಯಲು ಕಾರಣ ಆ ಮಾತು.

ಮೊದಲ ನಲವತ್ತು ದಿನ

ಹೊಸದಾಗಿ ಹೋಗುವ ಮಗುವಿಗೆ ಏನೇನು ಎದುರಾಗುತ್ತದೆ ಎಂದು ಮೊದಲೇ ಹೇಳಿಟ್ಟರೆ ಅರ್ಧ ಹೆದರಿಕೆ ಇಳಿಯುತ್ತದೆ. ಅಲ್ಲಿ ಹೊತ್ತು ಹುಟ್ಟುವ ಮೊದಲೇ ಬೆಲ್ ಆಗುತ್ತದೆ. ಬೆಲ್‌ಗೆ ಏಳುವುದು ಕಷ್ಟವಲ್ಲ, ನೀರಿನ ಪಾಳಿ ಕಷ್ಟ. ಹತ್ತು ನಿಮಿಷ ಮೊದಲು ಎದ್ದವನಿಗೆ ನಳದ ಮುಂದೆ ಜಗಳವಿಲ್ಲ. ನಮ್ಮ ಜಿಲ್ಲೆಯ ಬಿಸಿಲಿಗೆ ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇನ್ನೂ ಬಿಗಿಯಾಗುತ್ತದೆ. ಒಂದು ಬಕೆಟ್‌ನಲ್ಲಿ ಸ್ನಾನ ಮುಗಿಸಿ, ಉಳಿದ ನೀರಿನಲ್ಲಿ ಒಳ ಉಡುಪು ಒಗೆದುಕೊಳ್ಳುವುದನ್ನು ಮನೆಯಲ್ಲೇ ಒಂದು ತಿಂಗಳು ರೂಢಿ ಮಾಡಿಸಿ. ಬಟ್ಟೆ ಒಗೆಯುವುದು, ಗುಂಡಿ ಹಚ್ಚಿಕೊಳ್ಳುವುದು, ಹಾಸಿಗೆ ಮಡಚುವುದು ಇವು ಗಂಡುಮಕ್ಕಳಿಗೆ ಮನೆಯಲ್ಲಿ ಕಲಿಸದೇ ಇರುವುದರಿಂದ ಅಲ್ಲಿ ಅವರೇ ಹೆಚ್ಚು ಒದ್ದಾಡುತ್ತಾರೆ.

ಟ್ರಂಕಿಗೆ ಗಟ್ಟಿ ಬೀಗ ಕೊಡಿಸಿ, ಎರಡು ಕೀಲಿ ಇರಲಿ. ಒಂದು ಮಗುವಿನ ಕೊರಳಲ್ಲಿ ದಾರಕ್ಕೆ, ಇನ್ನೊಂದು ವಾರ್ಡನ್ ಕೈಯಲ್ಲಿ. ಬಟ್ಟೆ, ತಟ್ಟೆ, ಬಕೆಟ್ ಮೇಲೆಲ್ಲ ಹೆಸರು ಬರೆಯಿರಿ. ಅಲ್ಲಿ ಕಳುವಿಗಿಂತ ಅದಲು-ಬದಲೇ ಹೆಚ್ಚು. ದುಡ್ಡು ಜಾಸ್ತಿ ಕೊಡಬೇಡಿ, ಕಳೆದುಹೋದರೆ ಮಗು ಹೇಳಲು ಹೆದರುತ್ತದೆ. ಹೊಸ ಬ್ಲಾಂಕೆಟ್ ಇದ್ದರೂ ಅವ್ವ ಹೊಲಿದ ಹಳೆ ಕೌದಿ ಕೊಟ್ಟು ಕಳಿಸಿ. ಅದರಲ್ಲಿ ಮನೆಯ ವಾಸನೆ ಇರುತ್ತದೆ, ನಿದ್ದೆ ಬರುತ್ತದೆ.

ಊಟದ ಬಗ್ಗೆ ಎಲ್ಲರೂ ದೂರುತ್ತಾರೆ. ರೊಟ್ಟಿ ಉಂಡು ಬೆಳೆದವರಿಗೆ ಅನ್ನ-ಸಾರು ಹೊಟ್ಟೆಗೆ ಸಾಲುವುದಿಲ್ಲ. ಶೇಂಗಾ ಚಟ್ನಿಪುಡಿ, ಕಟಕ ರೊಟ್ಟಿ ಹದಿನೈದು ದಿನ ಕೆಡದೆ ಇರುತ್ತವೆ. ಶಾಲೆಯವರು ಒಪ್ಪಿದರೆ ಕಳಿಸಿ. ಹಂಚಿಕೊಂಡು ತಿನ್ನಲು ಹೇಳಿ, ಚಟ್ನಿಪುಡಿಯ ಡಬ್ಬಿ ಮೊದಲ ಗೆಳೆಯನನ್ನು ತಂದುಕೊಡುತ್ತದೆ. ಆದರೆ ಅನ್ನದಲ್ಲಿ ಹುಳು ಬಂದರೆ, ಹಾಲು ನೀರಾಗಿದ್ದರೆ, ಹಾಸ್ಟೆಲ್ ಅಂದರೆ ಹೀಗೇ ಎಂದು ಸುಮ್ಮನಿರಬಾರದು. ಸರ್ಕಾರ ದುಡ್ಡು ಕೊಟ್ಟಿರುವ ಊಟ ಅದು. ಪಾಲಕರ ಸಭೆಯಲ್ಲಿ ನಾಲ್ಕು ಮಂದಿ ಒಟ್ಟಿಗೆ ಕೇಳಿದರೆ ಬದಲಾಗುತ್ತದೆ.

ಮೊದಲ ವಾರ ರಾತ್ರಿ ದೀಪ ಆರಿದ ಮೇಲೆ ಅಳು ಬರುತ್ತದೆ. ಕೋಣೆಯ ಆ ಮೂಲೆಯಲ್ಲಿ ಒಬ್ಬ, ಈ ಮೂಲೆಯಲ್ಲಿ ಒಬ್ಬ. ಎಲ್ಲರೂ ತಾನೊಬ್ಬನೇ ಅಳುತ್ತಿದ್ದೇನೆ ಅಂದುಕೊಂಡಿರುತ್ತಾರೆ. ನಾನು ಕಂಡಂತೆ ಒಂದೂವರೆ ತಿಂಗಳ ಹೊತ್ತಿಗೆ ಇದು ಬಹುಪಾಲು ಇಳಿಯುತ್ತದೆ. ಇರಬೇಕೋ ಬಿಡಬೇಕೋ ಎಂಬ ತೀರ್ಮಾನವನ್ನು ಈ ನಲವತ್ತು ದಿನಗಳ ಒಳಗೆ ಮಾಡಬೇಡಿ ಅನ್ನುವುದಕ್ಕೆ ಕಾರಣ ಇದೇ.

ಒಂದೇ ಕೋಣೆ, ಹತ್ತು ಮಾತು

ನಮ್ಮ ಭಾಗದ ವಸತಿ ಶಾಲೆಯ ಒಂದು ಕೋಣೆಯಲ್ಲಿ ಎಷ್ಟು ಭಾಷೆ ಕೇಳುತ್ತವೆ ಅನ್ನುವುದು ಹೊರಗಿನವರಿಗೆ ಗೊತ್ತಿಲ್ಲ. ಲಿಂಗಸುಗೂರಿನ ತಾಂಡಾಗಳಿಂದ ಬಂದವರದು ಲಂಬಾಣಿ ಮಾತು. ಸಿಂಧನೂರಿನ ಕ್ಯಾಂಪ್‌ಗಳಿಂದ ಬಂದವರಲ್ಲಿ ಕೆಲವರದು ತೆಲುಗು, ಪುನರ್ವಸತಿ ಕ್ಯಾಂಪಿನವರದು ಬಂಗಾಳಿ. ಮುದಗಲ್, ಹಟ್ಟಿ ಕಡೆಯ ಕೆಲವರದು ಉರ್ದು. ನಮ್ಮದು ರಾಯಚೂರು ಕನ್ನಡ. ಪುಸ್ತಕದ್ದೋ ಇನ್ನೊಂದು ಕನ್ನಡ, ಕೆಲವೆಡೆ ಇಂಗ್ಲಿಷ್. ಮೊದಲ ದಿನಗಳಲ್ಲಿ ಇದೇ ಗೇಲಿಗೆ ಕಾರಣವಾಗುತ್ತದೆ. ತಾಂಡಾದ ಹುಡುಗಿ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ಅವಳಿಗೆ ಪಾಠ ಗೊತ್ತಿಲ್ಲ ಅಂದುಕೊಳ್ಳುತ್ತಾರೆ.

ಹೊಸಬರಿಗೆ ಹೇಳಬೇಕಾದ್ದು ಇಷ್ಟೆ. ಭಾಷೆ ಬಾರದ್ದು ಬುದ್ಧಿ ಇಲ್ಲದ್ದಲ್ಲ. ಆರು ತಿಂಗಳಲ್ಲಿ ಎಲ್ಲರಿಗೂ ಎಲ್ಲರ ಭಾಷೆಯ ಬೈಗುಳ ಬರುತ್ತದೆ, ವರ್ಷದಲ್ಲಿ ಮಾತೂ ಬರುತ್ತದೆ. ನವೋದಯದಲ್ಲಂತೂ ಒಂಬತ್ತನೇ ತರಗತಿಯಲ್ಲಿ ಸುಮಾರು ಶೇ 30ರಷ್ಟು ಮಕ್ಕಳು ಒಂದು ವರ್ಷ ಹಿಂದಿ ಪ್ರದೇಶದ ನವೋದಯಕ್ಕೆ ಹೋಗಿ ಓದುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಮುಂದೆ ಕೆಲಸಕ್ಕೆಂದು ಯಾವುದೋ ಊರಿಗೆ ಹೋದಾಗ ಈ ರೂಢಿಯ ಬೆಲೆ ಗೊತ್ತಾಗುತ್ತದೆ.

ಜಾತಿಯ ಮಾತೂ ಬರುತ್ತದೆ. ಊರಲ್ಲಿ ಬೇರೆ ಬೇರೆ ಓಣಿಯಲ್ಲಿ ಬೆಳೆದವರು ಇಲ್ಲಿ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲಬೇಕು. ಮನೆಯಿಂದ ಕಲಿತು ಬಂದದ್ದನ್ನು ಕೆಲವರು ಇಲ್ಲಿಯೂ ತೋರಿಸುತ್ತಾರೆ. ಎದುರಾದರೆ ಸಹಿಸಿಕೊಳ್ಳುವಂತೆ ಮಗುವಿಗೆ ಹೇಳಬೇಡಿ, ಶಿಕ್ಷಕರಿಗೆ ತಿಳಿಸುವಂತೆ ಹೇಳಿ. ನನ್ನ ಅನುಭವದಲ್ಲಿ ಐದು ವರ್ಷ ಒಟ್ಟಿಗೆ ಉಂಡವರು ಹತ್ತನೇ ತರಗತಿ ಮುಗಿಸಿ ಹೊರಡುವಾಗ ಯಾರ ಓಣಿ ಯಾವುದು ಎಂದು ಕೇಳಲಿಲ್ಲ. ಎಲ್ಲರೂ ಹಾಗೆ ಬದಲಾಗುತ್ತಾರೆಂದು ಹೇಳಲಾರೆ. ಬದಲಾಗಲು ಅಂಥ ಇನ್ನೊಂದು ಜಾಗ ನಮ್ಮ ತಾಲ್ಲೂಕುಗಳಲ್ಲಿ ಕಡಿಮೆ.

ಮುಚ್ಚಿಡಬಾರದ ಮಾತುಗಳು

ವಸತಿ ಶಾಲೆ ಬಿಡುವ ಮಕ್ಕಳಲ್ಲಿ ಎಷ್ಟೋ ಜನ ನಿಜವಾದ ಕಾರಣ ಹೇಳುವುದಿಲ್ಲ. "ಊಟ ಸರಿ ಇಲ್ಲ" ಅನ್ನುತ್ತಾರೆ. ಒಳಗೆ ಬೇರೆಯೇ ಇರುತ್ತದೆ.

ಕೆಲವರಿಗೆ ಹಾಸಿಗೆಯಲ್ಲಿ ಉಚ್ಚೆ ಹೋಗುವ ತೊಂದರೆ. ಹೊಸ ಜಾಗದ ಹೆದರಿಕೆಗೆ ಅದು ಹೆಚ್ಚಾಗುತ್ತದೆ. ಸೇರಿಸುವ ದಿನವೇ ವಾರ್ಡನ್ ಅವರಿಗೆ ಗುಟ್ಟಾಗಿ ತಿಳಿಸಿದರೆ ರಾತ್ರಿ ಒಮ್ಮೆ ಎಬ್ಬಿಸುವ ವ್ಯವಸ್ಥೆ ಮಾಡಬಹುದು. ಕೆಲವು ಹುಡುಗಿಯರಿಗೆ ಮೊದಲ ಮುಟ್ಟು ಹಾಸ್ಟೆಲ್‌ನಲ್ಲೇ ಆಗುತ್ತದೆ. ಏನಾಗುತ್ತದೆ, ಯಾರಿಗೆ ಹೇಳಬೇಕು, ಪ್ಯಾಡ್ ಹೇಗೆ ಬಳಸಬೇಕು ಎಂದು ಅವ್ವನೋ ಅಕ್ಕನೋ ಮೊದಲೇ ಹೇಳಿ ಕಳಿಸಬೇಕು.

ಇನ್ನು ತುರಿಕಜ್ಜಿ. ಹಾಸ್ಟೆಲ್‌ನಲ್ಲಿ ಇದು ಒಬ್ಬರಿಂದ ಒಬ್ಬರಿಗೆ ಬೆಂಕಿಯಂತೆ ಹರಡುತ್ತದೆ. ಬೆರಳ ಸಂದಿಯಲ್ಲಿ, ರಾತ್ರಿ ಹೊತ್ತು ಜಾಸ್ತಿ ತುರಿಸಿದರೆ ನಾಚಿಕೊಳ್ಳದೆ ಹೇಳಬೇಕು. ಒಬ್ಬರೇ ಮುಲಾಮು ಹಚ್ಚಿಕೊಂಡರೆ ಸಾಲದು. ಡಾಕ್ಟರು ಹೇಳಿದಂತೆ ಕೋಣೆಯ ಎಲ್ಲರೂ ಒಂದೇ ದಿನ ಹಚ್ಚಿಕೊಂಡು, ಬಟ್ಟೆ-ಹಾಸಿಗೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ.

ದೊಡ್ಡ ತರಗತಿಯವರು ಬಟ್ಟೆ ಒಗೆಸುವುದು, ಹೊಡೆಯುವುದು, ಯಾರಾದರೂ ಮೈ ಮುಟ್ಟುವುದು ಇವು ಶಿಸ್ತಿನ ಭಾಗವಲ್ಲ, ಅಪರಾಧಗಳು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ 2012ರ ಪೋಕ್ಸೊ ಕಾಯ್ದೆ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಉಚಿತವಾಗಿ ಕರೆ ಮಾಡಬಹುದು. ಮನಸ್ಸು ತೀರಾ ಕುಸಿದಾಗ ಮಾತಾಡಲು ಟೆಲಿ ಮಾನಸ್ 14416 ಇದೆ. ಈ ಎರಡು ಸಂಖ್ಯೆಗಳನ್ನು ಟ್ರಂಕಿನ ಮುಚ್ಚಳದ ಒಳಗೆ ಬರೆದಂಟಿಸಿ.

ಭಾನುವಾರದ ಫೋನು

ವಸತಿ ಶಾಲೆಯ ಮಕ್ಕಳ ಕೈಯಲ್ಲಿ ಮೊಬೈಲ್ ಇರುವುದಿಲ್ಲ. ಭಾನುವಾರ ಪಾಲಕರು ಬರುತ್ತಾರೆ, ಇಲ್ಲವೇ ವಾರ್ಡನ್ ಫೋನಿಗೆ ಕರೆ ಮಾಡುತ್ತಾರೆ. ಅಪ್ಪ-ಅವ್ವ ಗುಳೆ ಹೋದ ಮನೆಯ ಮಕ್ಕಳಿಗೆ ಎರಡೂ ಇಲ್ಲ. ಗೇಟಿನ ಹತ್ತಿರ ನಿಂತು ಬೇರೆಯವರ ಅವ್ವಂದಿರನ್ನು ನೋಡುವುದೇ ಅವರ ಭಾನುವಾರ. ಆದರೆ ಈ ಶಾಲೆಗಳು ಹೆಚ್ಚು ಬೇಕಾಗಿರುವುದೂ ಅವರಿಗೇ. ಅಪ್ಪ-ಅವ್ವ ಬೆಂಗಳೂರಲ್ಲಿ ಇಟ್ಟಿಗೆ ಹೊರುವಾಗ ಮಗಳು ಇಲ್ಲಿ ಮೂರು ಹೊತ್ತು ಉಂಡು ಓದುತ್ತಿದ್ದಾಳೆ ಅನ್ನುವುದು ಆ ಮನೆಗೆ ದೊಡ್ಡ ಬಲ.

ಇಲ್ಲಿಯೇ ನಿಮ್ಮ ಕೆಲಸ ಬರುವುದು. ಕಾಲೇಜು ಸಿಂಧನೂರಲ್ಲಿ ಇರಲಿ, ಲಿಂಗಸುಗೂರಲ್ಲಿ ಇರಲಿ, ಮಸ್ಕಿ ನಡುವೆ ಸಿಗುತ್ತದೆ, ಬಸ್ಸುಗಳಿಗೆ ಕೊರತೆ ಇಲ್ಲ. ಸೇರಿಸುವಾಗಲೇ ನಿಮ್ಮ ಹೆಸರು, ನಂಬರನ್ನು ಪಾಲಕರ ಜೊತೆ ಬರೆಸಿಡಿ. ಇಲ್ಲವಾದರೆ ಎಷ್ಟೋ ಕಡೆ ಭೇಟಿಗೆ ಬಿಡುವುದಿಲ್ಲ, ಬಿಡಲೂಬಾರದು. ತಿಂಗಳಿಗೊಂದು ಭಾನುವಾರ ಹೋಗಿ. ಹೋದಾಗ ಬರೀ "ಊಟ ಹೆಂಗೈತಿ?" ಅಂತ ಕೇಳಬೇಡಿ. "ಯಾರ ಜೋಡಿ ಕುಂತು ಉಣ್ತಿ?" ಅಂತ ಕೇಳಿ. ಒಂದು ಹೆಸರು ಹೇಳಿದರೆ ಮಗು ಅಲ್ಲಿ ಬೇರು ಬಿಡುತ್ತಿದೆ ಎಂದರ್ಥ. ಯಾರೂ ಇಲ್ಲ ಅಂದರೆ ಅಂದೇ ತರಗತಿ ಶಿಕ್ಷಕರನ್ನು ಕಂಡು ಬನ್ನಿ.

ಹಬ್ಬಕ್ಕೆ ಕರೆದೊಯ್ಯುವ ಮೊದಲೇ ಮರಳುವ ದಿನ ಹೇಳಿಬಿಡಿ. ಮರಳುವಾಗ ನೀವೇ ಜೊತೆಗೆ ಹೋಗಿ. ನನ್ನ ತರಗತಿಯಲ್ಲಿ ತಾಂಡಾದ ಒಬ್ಬ ಹುಡುಗಿ ಪಂಚಮಿಗೆ ಹೋಗಿ ಹದಿನೈದು ದಿನ ಬರಲಿಲ್ಲ. ಡಿಗ್ರಿ ಓದುತ್ತಿದ್ದ ಅವಳ ಅಕ್ಕ ತನ್ನ ಕಾಲೇಜು ತಪ್ಪಿಸಿ ಕರೆತಂದಳು. ಹೋಗುವ ಮುನ್ನ ತಂಗಿಯ ಕೋಣೆಯವರನ್ನೆಲ್ಲ ಕರೆದು ಉಂಡಿ ಹಂಚಿ, "ಇಕಿ ನಿಮ್ಮಕಿನ ನೋಡ್ರವ್ವಾ" ಅಂದಿದ್ದಳು. ಆ ಹುಡುಗಿ ಈಗ ನರ್ಸಿಂಗ್ ಮುಗಿಸಿದ್ದಾಳೆ.

ಒಂದು ವೇಳೆ ಮಗು ಬಿಟ್ಟೇ ಬಂದಿದ್ದರೆ ಅಲ್ಲಿಗೆ ಮುಗಿಯಿತು ಅನ್ನಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಊರಿನ ಸರ್ಕಾರಿ ಶಾಲೆ ಎಂಟನೇ ತರಗತಿವರೆಗೆ ವರ್ಷದ ನಡುವೆಯೂ ಸೇರಿಸಿಕೊಳ್ಳಬೇಕು. ಟಿ.ಸಿ. ಬರಲಿಲ್ಲ ಎಂಬ ಕಾರಣಕ್ಕೆ ಪ್ರವೇಶ ತಡೆಯುವಂತಿಲ್ಲ. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗಾಗಿಯೇ 2004ರಲ್ಲಿ ಶುರುವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಅಲ್ಲಿ ವಸತಿಯೂ ಉಂಟು.

ಹಾಸ್ಟೆಲ್ ಕೊಟ್ಟದ್ದು

ಕವಿ ಸಿದ್ಧಲಿಂಗಯ್ಯ ಬೆಂಗಳೂರಿನ ಗೋಪಾಲಪುರದ ಹಾಸ್ಟೆಲ್‌ನಲ್ಲಿದ್ದು ಓದಿದವರು. ಹಾಸ್ಟೆಲ್ ಹತ್ತಿರದ ಸ್ಮಶಾನ ತಮಗೆ ಪ್ರಿಯವಾದ ಜಾಗವಾಗಿದ್ದನ್ನು 'ಊರುಕೇರಿ' ಆತ್ಮಕಥೆಯಲ್ಲಿ ಬರೆದಿದ್ದಾರೆ. ಗದ್ದಲದ ನಡುವೆ ತನ್ನದೊಂದು ಜಾಗ ಹುಡುಕಿಕೊಳ್ಳುವುದನ್ನು ಹಾಸ್ಟೆಲ್ ಕಲಿಸುತ್ತದೆ. ನನ್ನದು ನೀರಿನ ಟ್ಯಾಂಕಿನ ನೆರಳಾಗಿತ್ತು. ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ಟೇಬಲ್, ಫ್ಯಾನ್ ಇಲ್ಲ ಎಂದು ನನಗೆ ಅನ್ನಿಸುವುದೇ ಇಲ್ಲ.

ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮನ್ನು ಮಸ್ಕಿಯ ಬೆಟ್ಟಕ್ಕೆ ಅಶೋಕನ ಶಾಸನ ನೋಡಲು ಕರೆದೊಯ್ದಿದ್ದರು. ಗಣಿ ಎಂಜಿನಿಯರ್ ಬೀಡನ್ 1915ರಲ್ಲಿ ಪತ್ತೆ ಮಾಡಿದ ಆ ಶಾಸನದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಸಿಕ್ಕಿದ್ದರಿಂದ ಅದು ಜಗತ್ತಿಗೆಲ್ಲ ಗೊತ್ತಾಯಿತು. ನಮ್ಮ ಸಮಾಜ ವಿಜ್ಞಾನದ ಸರ್ ಹೆಸರಿನ ಕಥೆ ಮುಗಿಸಿ ಇನ್ನೊಂದು ವಿಷಯ ಹೇಳಿದರು. ಧರ್ಮದ ದಾರಿಯಲ್ಲಿ ಮೇಲೇರಲು ದೊಡ್ಡವರಿಗಷ್ಟೇ ಸಾಧ್ಯ ಎಂದು ತಿಳಿಯಬಾರದು, ಸಣ್ಣವರಿಗೂ ಸಾಧ್ಯ ಎಂಬ ಅರ್ಥದ ಮಾತು ಆ ಕಲ್ಲಿನ ಮೇಲಿದೆಯಂತೆ. ನಾವು ನಲವತ್ತು ಚಿಲ್ಲರೆ ಹುಡುಗ-ಹುಡುಗಿಯರು, ಹೆಚ್ಚಿನವರು ಕೂಲಿಕಾರರ ಮಕ್ಕಳು, ಆ ಬಿಸಿಲಲ್ಲಿ ಸುಮ್ಮನೆ ನಿಂತು ಕೇಳಿದೆವು.

ಈ ವರ್ಷವೂ ನಿಮ್ಮ ಓಣಿಯಿಂದ ಯಾವುದೋ ಮಗು ಟ್ರಂಕು ಹಿಡಿದು ಹೊರಟಿರುತ್ತದೆ. ಪಂಚಮಿಯ ಉಂಡಿ ತಿಂದಾದ ಮೇಲೆ ಅವರ ಮನೆತನಕ ಒಮ್ಮೆ ನಡೆದು ಹೋಗಿ, "ಹಬ್ಬ ಆತಲ್ಲ ತಮ್ಮಾ, ಯಾವಾಗ ಹೊಂಟಿ? ನಡಿ, ನಾನೂ ಬರ್ತೀನಿ" ಅನ್ನಿ.